ಮೇಲ್ಮನವಿ ಪೀಠವೇ ಇಲ್ಲದ ವಿಶ್ವ ವ್ಯಾಪಾರ ಸಂಸ್ಥೆ: ಕಬ್ಬಿನ ತೀರ್ಪನ್ನು ನಾವು ಅಲ್ಲಿ ನಿಲ್ಲಿಸಿದ್ದು ಸರಿಯೇ?

ತೀರ್ಪಿನ ಓದುಗ (ಧಾರವಾಡ)

2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಹಲವು ಸರಕುಗಳ ಮೇಲೆ ಶೇ 50ರ ಹೆಚ್ಚುವರಿ ಸುಂಕ ಹಾಕಿದಾಗ, ಇದನ್ನು ಕೇಳುವವರು ಯಾರೂ ಇಲ್ಲವೇ ಎಂದು ಬಹಳ ಜನ ಕೇಳಿದರು. ಕೇಳುವ ಒಂದು ಜಾಗ ಇತ್ತು. ಜಿನೀವಾದಲ್ಲಿರುವ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಪೀಠ ಅದು. ಏಳು ಸದಸ್ಯರು, ಒಂದು ವ್ಯಾಜ್ಯ ಕೇಳಲು ಕನಿಷ್ಠ ಮೂವರು ಬೇಕು, ನೇಮಕಕ್ಕೆ ಎಲ್ಲ ದೇಶಗಳ ಒಮ್ಮತ ಬೇಕು. 2017ರಿಂದ ಅಮೆರಿಕ ಒಂದು ನೇಮಕಕ್ಕೂ ಒಪ್ಪಲಿಲ್ಲ. 2019ರ ಡಿಸೆಂಬರ್ 10ಕ್ಕೆ ಇಬ್ಬರ ಅವಧಿ ಒಟ್ಟಿಗೆ ಮುಗಿಯಿತು. ಅವರಲ್ಲೊಬ್ಬರು ಭಾರತದ ಉಜಲ್ ಸಿಂಗ್ ಭಾಟಿಯಾ. ಉಳಿದದ್ದು ಒಬ್ಬರೇ. ಅವರ ಅವಧಿಯೂ 2020ರ ನವೆಂಬರ್‌ಗೆ ಮುಗಿಯಿತು. ನೇಮಕ ಶುರು ಮಾಡಿ ಎಂದು 130 ದೇಶಗಳು ಸೇರಿ 80ಕ್ಕೂ ಹೆಚ್ಚು ಸಲ ಕೇಳಿವೆ, ಅಷ್ಟೂ ಸಲ ಅಮೆರಿಕ ಬೇಡ ಎಂದಿದೆ.

ಇಷ್ಟು ಎಲ್ಲರಿಗೂ ಗೊತ್ತಿರುವ ಕಥೆ. ನಾನು ಇಲ್ಲಿ ಎತ್ತಬೇಕೆಂದಿರುವುದು ನಮ್ಮ ಪಾಲಿನದು.

ಕೆಳಗಿನ ಹಂತದ ಪ್ಯಾನೆಲ್‌ನಲ್ಲಿ ಸೋತ ದೇಶ ಮೇಲ್ಮನವಿ ಹಾಕಿದರೆ, ಅದು ಇತ್ಯರ್ಥವಾಗುವ ತನಕ ತೀರ್ಪು ಜಾರಿಗೆ ಬರುವುದಿಲ್ಲ. ಪೀಠವೇ ಇಲ್ಲದಿರುವಾಗ ಆ ಇತ್ಯರ್ಥ ಎಂದೂ ಆಗುವುದಿಲ್ಲ. ಈ ದಾರಿಯನ್ನು ಮೊದಲು ಹಿಡಿದದ್ದು ಅಮೆರಿಕ, ಅದೂ ನಮ್ಮ ವಿರುದ್ಧವೇ: 2019ರ ಡಿಸೆಂಬರ್‌ನಲ್ಲಿ, ಭಾರತದ ಉಕ್ಕಿನ ಮೇಲಿನ ಸುಂಕದ ವ್ಯಾಜ್ಯದಲ್ಲಿ. ಎರಡು ವರ್ಷ ಕಳೆದ ಮೇಲೆ ನಾವೂ ಅದನ್ನೇ ಮಾಡಿದೆವು. ಬ್ರೆಜಿಲ್, ಆಸ್ಟ್ರೇಲಿಯಾ, ಗ್ವಾಟೆಮಾಲಾ ಹೂಡಿದ್ದ ಸಕ್ಕರೆ ವ್ಯಾಜ್ಯದ ತೀರ್ಪು 2021ರ ಡಿಸೆಂಬರ್ 14ರಂದು ನಮ್ಮ ವಿರುದ್ಧ ಬಂತು: ಸರ್ಕಾರ ಕಬ್ಬಿಗೆ ನಿಗದಿ ಮಾಡುವ ಬೆಲೆ ಮಿತಿ ಮೀರಿದ ಬೆಂಬಲ ಎಂದಿತು. ಕೆಲವೇ ದಿನಗಳಲ್ಲಿ ಮೇಲ್ಮನವಿ ಹಾಕಿ, ಇಲ್ಲದ ಪೀಠದ ಮುಂದೆ ಇಟ್ಟು ಬಂದೆವು. ಮೊಬೈಲ್ ಫೋನ್ ಮತ್ತಿತರ ಸಾಧನಗಳ ಸುಂಕದ ವ್ಯಾಜ್ಯದಲ್ಲೂ 2023ರಲ್ಲಿ ಜಪಾನ್ ವಿರುದ್ಧ ಹಾಗೇ ಮಾಡಿದೆವು.

ಯುರೋಪಿನ ಒಕ್ಕೂಟ, ಚೀನಾ, ಬ್ರೆಜಿಲ್, ಕೆನಡಾ ಮುಂತಾದವು 2020ರಲ್ಲಿ ತಮ್ಮ ತಮ್ಮೊಳಗೆ ಒಂದು ಮಧ್ಯಂತರ ಮೇಲ್ಮನವಿ ವ್ಯವಸ್ಥೆ ಕಟ್ಟಿಕೊಂಡವು. ಆಮೇಲೆ ಜಪಾನ್, ಫಿಲಿಪ್ಪೀನ್ಸ್, ಮಲೇಷ್ಯಾ, ಬ್ರಿಟನ್ ಸೇರಿದವು. ಭಾರತ ಸೇರಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನಾವು ಸೇರಬೇಕು. ಸಕ್ಕರೆ ತೀರ್ಪಿನ ಮೇಲ್ಮನವಿಯನ್ನೂ ಅಲ್ಲಿ ಎದುರಿಸಬೇಕು. ಬಲವಂತನಿಗೆ ಕೋರ್ಟು ಇಲ್ಲದಿದ್ದರೂ ನಡೆಯುತ್ತದೆ, ನಮ್ಮಂಥವರಿಗೆ ನಡೆಯುವುದಿಲ್ಲ.

ಘಟಪ್ರಭಾ ದಂಡಿ

ಓದುಗರ, ನಮಸ್ಕಾರ. ನೀವು ಹೇಳೂದು ಕೋರ್ಟಿನ ಕಡೆಯಿಂದ. ನಾ ಹೇಳೂದು ಹೊಲದ ಕಡೆಯಿಂದ.

2025ರ ನವೆಂಬರ್‌ದಾಗ ಗುರ್ಲಾಪುರ ಕ್ರಾಸಿನ್ಯಾಗ ನಾವು ರಸ್ತೆ ಮ್ಯಾಲೆ ಕುಂತಿದ್ವಿ. ಕೇಳಿದ್ದು ಟನ್ನಿಗೆ 3,500 ರೂಪಾಯಿ. ಸಿಕ್ಕಿದ್ದು, ಶೇ 11.25 ಇಳುವರಿ (ಕಬ್ಬಿನಿಂದ ಸಿಗೂ ಸಕ್ಕರಿ) ಬಂದರ, 3,300. ಕೇಂದ್ರ ನಿಗದಿ ಮಾಡೂ ಕನಿಷ್ಠ ದರ, ಎಫ್‌ಆರ್‌ಪಿ, 2025-26ರ ಹಂಗಾಮಿಗೆ ಶೇ 10.25 ಇಳುವರಿಗೆ 3,550 ಇತ್ತು ಅಂತಾರ, ಆದ್ರ ಅದರಾಗ ಕಟಾವು, ಸಾಗಾಣಿಕೆ ಮುರಕೊಂಡು ಕೈಗೆ ಬರೂದು ಎಷ್ಟು ಅಂತ ಇಲ್ಲಿ ಕಬ್ಬು ಬೆಳೆಯೋರಿಗೆಲ್ಲ ಗೊತ್ತೈತಿ. ಎಫ್‌ಆರ್‌ಪಿ ರೊಕ್ಕ ಸರ್ಕಾರ ಕೊಡೂದಿಲ್ಲ, ಕಾರ್ಖಾನಿ ಕೊಡ್ತೈತಿ. ಅದೂ ಬಾಕಿ ಇಟಕೊಂಡು. ಇದಕ್ಕ ಜಿನೀವಾದಾಗ ಕುಂತವರು 'ಸಬ್ಸಿಡಿ' ಅಂದ್ರ ನಾವು ಹ್ಯಾಂಗ ಒಪ್ಪೂಣು?

ಆ ತೀರ್ಪು ಜಾರಿ ಆದ್ರ ಎಫ್‌ಆರ್‌ಪಿ ಅನ್ನೂದ ಹೋಗ್ತೈತಿ. ಎಫ್‌ಆರ್‌ಪಿ ಹೋದ್ರ ಕಾರ್ಖಾನಿ ಮಾಲಕ ಹೇಳಿದ್ದ ರೇಟು. ಕಬ್ಬು ಕಡದ ಮ್ಯಾಲೆ ತಡ ಮಾಡಿದಷ್ಟು ತೂಕ ಇಳೀತೈತಿ, ನಾವೇನು ಕೂಡಿಟ್ಟು ಮಾರೂ ಮಾಲಲ್ಲ ಇದು. ಸರ್ಕಾರ ಆ ತೀರ್ಪನ್ನ ನಿಲ್ಲಿಸಿ ಇಟ್ಟಿದ್ದು ನನ್ನ ಪಾಲಿಗಂತೂ ಸರಿ.

ಪೀಣ್ಯ ಎರಡನೇ ಹಂತ

ನಾನು ಗಾರ್ಮೆಂಟ್ಸ್ ಕ್ಷೇತ್ರದವನು, ಅಮೆರಿಕದ ಆರ್ಡರ್‌ಗಳ ಮೇಲೆ ಬದುಕುವವನು. ಓದುಗರ ಮಾತಿಗೆ ನನ್ನ ಪೂರ್ತಿ ಬೆಂಬಲ.

ನಮ್ಮ ಉದ್ಯಮದ ಚರಿತ್ರೆಯೇ ಜಿನೀವಾದ ನಿಯಮದ ಚರಿತ್ರೆ. 1974ರಿಂದ 2004ರ ತನಕ ಬಟ್ಟೆಗೆ ಕೋಟಾ ಇತ್ತು. ಯಾವ ದೇಶ ಎಷ್ಟು ಶರ್ಟು ಕಳಿಸಬಹುದು ಅಂತ ಶ್ರೀಮಂತ ದೇಶಗಳು ಲೆಕ್ಕ ಹಾಕಿ ಕೊಡುತ್ತಿದ್ದವು. ಅದನ್ನು ಹತ್ತು ವರ್ಷದಲ್ಲಿ ಹಂತಹಂತವಾಗಿ ತೆಗೆಯಬೇಕು ಅಂತ ಬರೆದದ್ದು ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದ. 2005ರ ಜನವರಿ 1ರಂದು ಕೋಟಾ ಹೋಯಿತು. ಬೊಮ್ಮಸಂದ್ರ, ಪೀಣ್ಯ, ಮೈಸೂರು ರಸ್ತೆಯ ಸಾಲುಗಳಲ್ಲಿ ಹೊಲಿಯುವ ಹೆಣ್ಣುಮಕ್ಕಳಿಗೆ ಸಿಕ್ಕಿದ ಕೆಲಸದಲ್ಲಿ ಆ ದಿನದ ಪಾಲೂ ಇದೆ.

2025ರಲ್ಲಿ ಆದದ್ದು ನೋಡಿ. ಹತ್ತಿಯ ಟೀ ಶರ್ಟಿಗೆ ಅಮೆರಿಕದಲ್ಲಿ ಮಾಮೂಲಿ ಸುಂಕವೇ ಶೇ 16.5. ಅದರ ಮೇಲೆ ನಮಗೆ 50 ಬಿತ್ತು, ಬಾಂಗ್ಲಾದೇಶಕ್ಕೆ 20, ವಿಯೆಟ್ನಾಮಿಗೆ 20. ಒಂದೇ ಶರ್ಟು, ಒಂದೇ ಅಂಗಡಿ, ದೇಶ ನೋಡಿ ಬೇರೆ ಬೇರೆ ಸುಂಕ. ಯಾವ ಸದಸ್ಯ ದೇಶಕ್ಕೂ ಭೇದ ಮಾಡಬಾರದು ಅನ್ನುವುದು ಸುಂಕ, ವ್ಯಾಪಾರದ ಬಗ್ಗೆ 1947ರಲ್ಲಿ ಆದ ಗ್ಯಾಟ್ ಒಪ್ಪಂದದ ಮೊದಲನೇ ವಿಧಿ. ಮೊದಲನೆಯದೇ. ಅದನ್ನೇ ಮುರಿದವರನ್ನು ಪ್ರಶ್ನಿಸಲು ಒಂದು ಕಟಕಟೆ ಬೇಡವೇ? ಘಟಪ್ರಭಾ ಅವರೇ, ನಿಮ್ಮ ಕಷ್ಟ ನಿಜ. ಆದರೆ ಅದೇ ಬಾಗಿಲು ಮುಚ್ಚಿರುವುದರಿಂದ ನಮ್ಮ ಕೆಲಸಗಾರರ ಪಾಳಿ ಕಡಿತವಾಗುತ್ತಿದೆ.

ಘಟಪ್ರಭಾ ದಂಡಿ

ಕೋರ್ಟು ಇದ್ದಿದ್ದರ ಅಮೆರಿಕಾ ಕೇಳತಿತ್ತೇನ್ರಿ?

ತೀರ್ಪಿನ ಓದುಗ (ಧಾರವಾಡ)

ನ್ಯಾಯವಾದ ಪ್ರಶ್ನೆ. ಎರಡು ಉದಾಹರಣೆ ಕೊಡುತ್ತೇನೆ, ಎರಡೂ ಬೇರೆ ಬೇರೆ ದಿಕ್ಕಿನವು.

ಅಮೆರಿಕದ ಹತ್ತಿ ಸಬ್ಸಿಡಿ ವಿರುದ್ಧ ಬ್ರೆಜಿಲ್ 2002ರಲ್ಲಿ ದೂರು ಕೊಟ್ಟಿತು, 2005ರಲ್ಲಿ ಮೇಲ್ಮನವಿ ಪೀಠದಲ್ಲೂ ಗೆದ್ದಿತು. ಅಮೆರಿಕ ಕಾಲ ತಳ್ಳಿತು. 2009ರಲ್ಲಿ ಬ್ರೆಜಿಲ್‌ಗೆ ಪ್ರತೀಕಾರದ, ಅಂದರೆ ಅಮೆರಿಕದ ಸರಕಿಗೆ ಹೆಚ್ಚು ಸುಂಕ ಹಾಕುವಂಥ ಕ್ರಮದ, ಅನುಮತಿ ಸಿಕ್ಕಿತು. ಹತ್ತಿಗೆ ಪ್ರತಿಯಾಗಿ ಪೇಟೆಂಟು, ಕೃತಿಸ್ವಾಮ್ಯಗಳ ಮೇಲೂ ಕೈ ಹಾಕುವ ಅನುಮತಿ ಅದರಲ್ಲಿತ್ತು. ಆಗ ಅಮೆರಿಕ ಮಾತುಕತೆಗೆ ಬಂತು. 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು.

ಇನ್ನೊಂದು ಆಂಟಿಗುವಾ. ಕೆರಿಬಿಯನ್‌ನ ಪುಟ್ಟ ದ್ವೀಪರಾಷ್ಟ್ರ. ಆನ್‌ಲೈನ್ ಜೂಜಿನ ಸೇವೆಗಳ ವ್ಯಾಜ್ಯದಲ್ಲಿ ಅಮೆರಿಕದ ವಿರುದ್ಧ ಗೆದ್ದಿತು. ವರ್ಷಕ್ಕೆ 2.1 ಕೋಟಿ ಡಾಲರ್ ಮಟ್ಟಿಗೆ ಪ್ರತೀಕಾರ ಮಾಡಬಹುದು ಎಂದು 2007ರಲ್ಲಿ ತೀರ್ಮಾನವಾಯಿತು. ಆದರೆ ಆಂಟಿಗುವಾ ತನ್ನ ಸುಂಕ ಏರಿಸಿದರೆ ಅಮೆರಿಕಕ್ಕೆ ಏನಾಗಬೇಕು? ಆ ದ್ವೀಪದ ಜನರೇ ದುಬಾರಿ ಬೆಲೆ ಕೊಡಬೇಕಾಗುತ್ತಿತ್ತು. ಗೆದ್ದರೂ ಗೆದ್ದ ಹಾಗಾಗಲಿಲ್ಲ.

ಹಾಗಾಗಿ ಸುಧಾರಣೆ ಎಂದರೆ ಹಳೆಯ ಪೀಠವನ್ನು ಇದ್ದ ಹಾಗೇ ಎಬ್ಬಿಸಿ ನಿಲ್ಲಿಸುವುದಷ್ಟೇ ಅಲ್ಲ. ಗೆದ್ದ ಸಣ್ಣ ದೇಶಕ್ಕೆ ನಗದು ಪರಿಹಾರ ಸಿಗುವ ವ್ಯವಸ್ಥೆಯೂ ಬೇಕು. ಇದನ್ನು ಬಡ ದೇಶಗಳು ಬಹಳ ಹಿಂದಿನಿಂದ ಕೇಳುತ್ತಿವೆ. ಆದರೆ ಭಾರತದ ಗಾತ್ರದ ದೇಶ ಬ್ರೆಜಿಲ್ ಸಾಲಿನದು, ಆಂಟಿಗುವಾ ಸಾಲಿನದಲ್ಲ. ನಮಗೆ ಪ್ರತೀಕಾರದ ಶಕ್ತಿ ಇದೆ. 2019ರಲ್ಲಿ ಬಾದಾಮಿ, ಅಕ್ರೂಟು, ಸೇಬುಗಳ ಮೇಲೆ ನಾವು ಹಾಕಿದ ಸುಂಕ 2023ರ ಜೂನ್‌ನಲ್ಲಿ ಎರಡೂ ದೇಶಗಳು ಆರು ವ್ಯಾಜ್ಯಗಳನ್ನು ಕುಳಿತು ಬಗೆಹರಿಸಿಕೊಳ್ಳುವಾಗ ನಮ್ಮ ಕೈಯಲ್ಲಿದ್ದ ಚೌಕಾಸಿಯ ಸರಕು.

ಕಬ್ಬನ್ ಪಾರ್ಕ್ 93

ಹೊಸಬರು ಬಹಳ ಜನ ಇದ್ದೀರಿ, ಅದಕ್ಕೆ ಹಳೆಯದನ್ನು ಸ್ವಲ್ಪ ಹೇಳಬೇಕು. ಈ ಸಂಸ್ಥೆ ಹುಟ್ಟುವ ಮೊದಲೇ ಅದರ ಬಗ್ಗೆ ಬೀದಿಗಿಳಿದ ನಾಡು ನಮ್ಮದು. ಇದನ್ನು ಹುಟ್ಟಿಸಿದ ಒಪ್ಪಂದದ ಕರಡು, ಆರ್ಥರ್ ಡಂಕೆಲ್ ಕರಡು, 1991ರ ಡಿಸೆಂಬರ್‌ನಲ್ಲಿ ಬಂತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರಾಜ್ಯ ರೈತ ಸಂಘ ಅದನ್ನು ಹಳ್ಳಿಹಳ್ಳಿಗೆ ಕನ್ನಡದಲ್ಲಿ ವಿವರಿಸಿತು. ಪೇಟೆಂಟು ಅಂದರೆ ಏನು, ಬೀಜದ ಮೇಲಿನ ಒಡೆತನ ಅಂದರೆ ಏನು ಅಂತ ಎಮ್ಮೆ ಕಟ್ಟುವ ಅಂಗಳದಲ್ಲಿ ಚರ್ಚೆ ಆಗುತ್ತಿತ್ತು. 1992ರ ಡಿಸೆಂಬರ್‌ನಲ್ಲಿ ಬಹುರಾಷ್ಟ್ರೀಯ ಕಂಪನಿ ಕಾರ್ಗಿಲ್‌ನ ಬೆಂಗಳೂರು ಕಚೇರಿಯ ಮೇಲೆ, 1993ರಲ್ಲಿ ಬಳ್ಳಾರಿಯ ಅದರ ಬೀಜ ಘಟಕದ ಮೇಲೆ ದಾಳಿ, ಅದೇ ವರ್ಷ ಅಕ್ಟೋಬರ್ 3ರಂದು ಕಬ್ಬನ್ ಪಾರ್ಕಿನಲ್ಲಿ ಹಸಿರು ಶಾಲುಗಳ ಸಮಾವೇಶ. ನಾನು ಅಲ್ಲಿದ್ದೆ.

ಆ ಹೋರಾಟ ಒಪ್ಪಂದವನ್ನು ತಡೆಯಲಿಲ್ಲ. 1994ರ ಏಪ್ರಿಲ್ 15ರಂದು ಮೊರಾಕೊದ ಮರಾಕೆಶ್‌ನಲ್ಲಿ ಸಹಿ ಬಿತ್ತು, 1995ರ ಜನವರಿ 1ಕ್ಕೆ ಸಂಸ್ಥೆ ಹುಟ್ಟಿತು. ಆದರೆ ಏನನ್ನೂ ಮಾಡಲಿಲ್ಲ ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬೌದ್ಧಿಕ ಆಸ್ತಿ ಒಪ್ಪಂದದ 27ನೇ ವಿಧಿಯಲ್ಲಿ ಸಸ್ಯ ತಳಿಗಳಿಗೆ ಪೇಟೆಂಟೇ ಕೊಡಬೇಕೆಂದಿಲ್ಲ, ಪ್ರತಿ ದೇಶ ತನ್ನದೇ ಕಾನೂನು ಮಾಡಿಕೊಳ್ಳಬಹುದು ಎಂಬ ದಾರಿ ಉಳಿಯಿತು. ಆ ದಾರಿ ಹಿಡಿದು ಭಾರತ 2001ರಲ್ಲಿ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಮಾಡಿತು. ಬೀಜ ಉಳಿಸಿಕೊಳ್ಳುವ, ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹೆಸರಿಲ್ಲದೆ ಮಾರುವ ಹಕ್ಕು ರೈತನಿಗೆ ಉಳಿದದ್ದು ಆ ಕಾಯ್ದೆಯಿಂದ. ಬೀದಿಯ ಒತ್ತಡ ಇರದಿದ್ದರೆ ದೆಹಲಿ ಅಷ್ಟು ಎಚ್ಚರದಿಂದ ಆ ಕಾಯ್ದೆ ಬರೆಯುತ್ತಿತ್ತು ಅಂತ ನನಗನಿಸುವುದಿಲ್ಲ.

ಅದಕ್ಕೇ ನನ್ನ ಮಾತು: ಜಿನೀವಾಕ್ಕಿಂತ ಮೊದಲು ದೆಹಲಿಯನ್ನು ಪ್ರಶ್ನಿಸಿ. ರೇಷ್ಮೆಯನ್ನೇ ತೆಗೆದುಕೊಳ್ಳಿ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಅದರ ಪೆಟ್ಟು ತಿಂದವರು ಇವತ್ತಿಗೂ ಮರೆತಿಲ್ಲ. ವಿಶ್ವ ವ್ಯಾಪಾರ ಸಂಸ್ಥೆ ಇಳಿಸು ಅಂದಿತ್ತೇ? ಇಲ್ಲ. ಇಳಿಸಿದ್ದು ನಮ್ಮದೇ ಸರ್ಕಾರ. 2013ರಲ್ಲಿ 15ಕ್ಕೆ ಏರಿಸಿದ್ದೂ ನಮ್ಮದೇ ಸರ್ಕಾರ.

ಕಾಫಿ ಕಣ

ಕಬ್ಬನ್ ಪಾರ್ಕ್ ಹಿರಿಯರ ಮಾತಿಗೆ ಮೆಣಸಿನ ಕಥೆ ಸೇರಿಸುತ್ತೇನೆ. ಮೂಡಿಗೆರೆ ಕಡೆಯ ಸಣ್ಣ ಬೆಳೆಗಾರ ನಾನು.

ನಮಗೆ ಪೆಟ್ಟು ಕೊಟ್ಟದ್ದು ಜಿನೀವಾ ಒಪ್ಪಂದಕ್ಕಿಂತ ಹೆಚ್ಚಾಗಿ ಶ್ರೀಲಂಕಾ ಜೊತೆ 1998ರಲ್ಲಿ ಮಾಡಿಕೊಂಡ ಮುಕ್ತ ವ್ಯಾಪಾರ ಒಪ್ಪಂದ. ವಿಯೆಟ್ನಾಂ ಮೆಣಸು ಕೊಲಂಬೊಗೆ ಬಂದು, ಮಾಲು ಶ್ರೀಲಂಕಾದ್ದೇ ಎಂಬ ಮೂಲ ಪ್ರಮಾಣಪತ್ರ ಅಂಟಿಸಿಕೊಂಡು ಕಡಿಮೆ ಸುಂಕದಲ್ಲಿ ಇಲ್ಲಿಗೆ ಬರುತ್ತಿದೆ ಅಂತ ಬೆಳೆಗಾರರು ವರ್ಷಗಟ್ಟಲೆ ಕೂಗಿದೆವು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಹಾಕಿತು. ಅಡಿಕೆಗೂ ಹಾಗೇ, 2023ರಲ್ಲಿ 251ರಿಂದ 351ಕ್ಕೆ ಏರಿಸಿತು. ನಮಗೆ ಉಸಿರು ಬಂತು.

ಈಗ ಓದುಗರಿಗೆ ನನ್ನ ಆತಂಕ. ಕನಿಷ್ಠ ಆಮದು ಬೆಲೆಯನ್ನು ವಿಶ್ವ ವ್ಯಾಪಾರ ಸಂಸ್ಥೆಯ ಕೃಷಿ ಒಪ್ಪಂದ ಒಪ್ಪುತ್ತದೆಯೇ? ಒಪ್ಪದಿದ್ದರೆ, ನೀವು ಹೇಳುವ ಕೋರ್ಟು ಎದ್ದು ಕೂತ ದಿನ ವಿಯೆಟ್ನಾಂ ನಮ್ಮ ಮೇಲೆ ದೂರು ಹಾಕಬಹುದಲ್ಲ?

ತೀರ್ಪಿನ ಓದುಗ (ಧಾರವಾಡ)

ಹಾಕಬಹುದು. ಮುಚ್ಚುಮರೆ ಮಾಡುವುದಿಲ್ಲ. ಕೃಷಿ ಒಪ್ಪಂದದ 4.2ನೇ ವಿಧಿಯ ಅಡಿಟಿಪ್ಪಣಿಯಲ್ಲಿ ನಿಷಿದ್ಧ ಕ್ರಮಗಳ ಪಟ್ಟಿ ಇದೆ, 'ಕನಿಷ್ಠ ಆಮದು ಬೆಲೆ' ಅದರಲ್ಲಿ ಹೆಸರಿನ ಸಮೇತ ಇದೆ. ಆದರೆ ಸುಂಕ ಏರಿಸಲು ನಮಗೆ ಅಡ್ಡಿಯಿಲ್ಲ. ಕೃಷಿ ಸರಕುಗಳಿಗೆ ನಾವು ಒಪ್ಪಿಕೊಂಡ ಸುಂಕದ ಮೇಲ್ಮಿತಿಯ ಸರಾಸರಿ ಶೇ 110 ದಾಟುತ್ತದೆ. ಸಮಸ್ಯೆ ಇರುವುದು ನೀವೇ ಹೇಳಿದ ಕಡೆ: ಶ್ರೀಲಂಕಾ ಒಪ್ಪಂದದಲ್ಲಿ ಆ ಸುಂಕ ಅನ್ವಯಿಸುವುದಿಲ್ಲ. ಸರಿಪಡಿಸಬೇಕಾದದ್ದು ಮೂಲ ಪ್ರಮಾಣಪತ್ರದ ತಪಾಸಣೆ. ಅದನ್ನು ಬಿಗಿ ಮಾಡಲು ಯಾವ ಅಂತರರಾಷ್ಟ್ರೀಯ ನಿಯಮವೂ ಅಡ್ಡಬರುವುದಿಲ್ಲ.

ಕಾಫಿ ಕಣ

ಸರಿ. ಆದರೆ ನಿಯಮ ಇದ್ದ ಮಾತ್ರಕ್ಕೆ ಬೆಳೆಗಾರನಿಗೆ ಬೆಲೆ ಸಿಗುವುದಿಲ್ಲ ಅನ್ನುವುದನ್ನೂ ಹೇಳಲೇಬೇಕು. ಕಾಫಿಗೆ ಲಂಡನ್ನಿನ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯಲ್ಲಿ ಬೆಳೆಯುವ ದೇಶ, ಕುಡಿಯುವ ದೇಶ ಎರಡೂ ಕೂತು ರಫ್ತು ಕೋಟಾ ನಿಗದಿ ಮಾಡುತ್ತಿದ್ದ ಕಾಲ ಇತ್ತು. 1989ರ ಜುಲೈನಲ್ಲಿ ಅದು ಮುರಿದುಬಿತ್ತು, ಬೆಲೆಯೂ ಬಿತ್ತು. 2001ರ ಸುಮಾರಿಗೆ ಕಾಫಿ ಬೆಲೆ ನೆಲ ಕಚ್ಚಿದಾಗ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಗಿಡಕ್ಕೆ ಗೊಬ್ಬರ ಹಾಕಲು ಹಣವಿರಲಿಲ್ಲ. ಸುಧಾರಣೆಯ ಚರ್ಚೆಯಲ್ಲಿ ಈ ವಿಷಯ ಯಾರೂ ಎತ್ತುವುದಿಲ್ಲ. ಎಲ್ಲರೂ ಸುಂಕ, ಸಬ್ಸಿಡಿ ಅನ್ನುತ್ತಾರೆ. ಬೆಲೆಯ ಏರಿಳಿತದಿಂದ ಬೆಳೆಗಾರನನ್ನು ಕಾಯುವ ಸಂಸ್ಥೆ ಒಂದಿತ್ತು, ಅದರ ಹಲ್ಲು ಕಿತ್ತರು. ಬೇರೆ ರೂಪದಲ್ಲಾದರೂ ಅದು ಮತ್ತೆ ಬರಬೇಕು ಅಂತ ನಾನು ನಂಬಿದ್ದೇನೆ.

ಹಂಪನಕಟ್ಟೆ

ಒಂದು ಅನುಮಾನ. ಅಮೆರಿಕಕ್ಕೆ ಆ ಪೀಠದ ಮೇಲೆ ಅಷ್ಟು ಸಿಟ್ಟು ಯಾಕೆ? ಸೋತದ್ದಕ್ಕಾ?

ತೀರ್ಪಿನ ಓದುಗ (ಧಾರವಾಡ)

ಬರೀ ಸೋತದ್ದಕ್ಕಲ್ಲ. ತೊಂಬತ್ತು ದಿನದ ಗಡುವು ಮೀರುತ್ತಾರೆ, ಅವಧಿ ಮುಗಿದ ಸದಸ್ಯರೂ ವಿಚಾರಣೆ ಮುಂದುವರಿಸುತ್ತಾರೆ, ಒಪ್ಪಂದದಲ್ಲಿ ಇಲ್ಲದ್ದನ್ನು ತೀರ್ಪಿನಲ್ಲಿ ಬರೆಯುತ್ತಾರೆ ಎಂಬ ದೂರುಗಳಿವೆ. ಸಿಟ್ಟು ಟ್ರಂಪ್ ಕಾಲದ್ದು ಮಾತ್ರವೂ ಅಲ್ಲ. ಒಬಾಮಾ ಆಡಳಿತ 2011ರಲ್ಲಿ ತನ್ನದೇ ದೇಶದ ಸದಸ್ಯೆಗೆ, 2016ರಲ್ಲಿ ಕೊರಿಯಾದ ಸದಸ್ಯರಿಗೆ ಎರಡನೇ ಅವಧಿ ಸಿಗದಂತೆ ಮಾಡಿತ್ತು. ಬೈಡನ್ ಕಾಲದಲ್ಲೂ ತಡೆ ಹೋಗಲಿಲ್ಲ.

ಆದರೆ ಒಳಗೆ ಚುಚ್ಚಿದ ಮುಳ್ಳು ಡಂಪಿಂಗ್ ಲೆಕ್ಕದ್ದು, ಅದರ ಮೂಲದಲ್ಲಿ ಭಾರತವಿದೆ. ಯಾವುದಾದರೂ ದೇಶ ತನ್ನಲ್ಲಿನ ಬೆಲೆಗಿಂತ ಕಡಿಮೆಗೆ ಸರಕನ್ನು ಹೊರಗೆ ಸುರಿಯುತ್ತಿದೆಯೇ ಎಂದು ನೋಡಲು ಪ್ರತಿ ಮಾದರಿಯ ಬೆಲೆ ಹೋಲಿಸುತ್ತಾರೆ. ಕೆಲವು ಮಾದರಿ ಅಗ್ಗ, ಕೆಲವು ದುಬಾರಿ. ದುಬಾರಿ ಇರುವುದನ್ನು ಸೊನ್ನೆ ಎಂದು ಎಣಿಸಿ, ಅಗ್ಗದ್ದನ್ನು ಮಾತ್ರ ಕೂಡಿದರೆ ಡಂಪಿಂಗ್ ಪ್ರಮಾಣ ಉಬ್ಬುತ್ತದೆ, ಅದರ ಮೇಲೆ ಹಾಕುವ ಸುಂಕವೂ ಉಬ್ಬುತ್ತದೆ. ನಮ್ಮ ಹಾಸಿಗೆ ಹೊದಿಕೆಗಳ ಮೇಲೆ ಯುರೋಪು ಹೀಗೇ ಮಾಡಿತು. ಭಾರತ ವ್ಯಾಜ್ಯ ಹೂಡಿತು. 2001ರಲ್ಲಿ ಮೇಲ್ಮನವಿ ಪೀಠ ಈ ಸೊನ್ನೆ ಲೆಕ್ಕ ತಪ್ಪು ಎಂದಿತು. ಅಮೆರಿಕವೂ ಇದೇ ಲೆಕ್ಕ ಬಳಸುತ್ತಿತ್ತು. ಆಮೇಲೆ ಕೆನಡಾ, ಜಪಾನ್, ಮೆಕ್ಸಿಕೊ, ಯುರೋಪು ಒಬ್ಬೊಬ್ಬರಾಗಿ ಅದೇ ತರ್ಕ ಹಿಡಿದು ಅಮೆರಿಕವನ್ನು ಸೋಲಿಸುತ್ತ ಹೋದರು.

ಭಾರತದ ಮಗ್ಗದ ಬಟ್ಟೆಗೆ ನ್ಯಾಯ ಕೊಟ್ಟ ಪೀಠ ಅದು. ಅದಕ್ಕೇ ಅದರ ಬಾಗಿಲು ಮುಚ್ಚಿರುವುದರಲ್ಲಿ ನಮಗೆ ಲಾಭವಿದೆ ಎಂಬ ಮಾತು ಕೇಳಿದರೆ ನನಗೆ ನೋವಾಗುತ್ತದೆ.

ಮಲ್ಪೆ ದಕ್ಕೆ

ಎಲ್ಲರೂ ಕೃಷಿಯದ್ದೇ ಮಾತಾಡ್ತಿದ್ದೀರಿ, ಕಡಲಿನದ್ದೂ ಉಂಟು ಮಾರಾಯ್ರೆ.

2022ರ ಜೂನ್‌ನಲ್ಲಿ ಜಿನೀವಾದಲ್ಲಿ ಮೀನುಗಾರಿಕೆ ಸಬ್ಸಿಡಿ ಒಪ್ಪಂದ ಆಯ್ತು. 2025ರ ಸೆಪ್ಟೆಂಬರ್ 15ಕ್ಕೆ ಜಾರಿಗೂ ಬಂತು. ಭಾರತ ಇನ್ನೂ ಅನುಮೋದಿಸಿದವರ ಸಾಲಿಗೆ ಸೇರಿಲ್ಲ. ಅಕ್ರಮ ಮೀನುಗಾರಿಕೆಗೆ, ಬಸವಳಿದ ಮೀನಿನ ಸಂತತಿಯನ್ನು ಮತ್ತೂ ಹಿಡಿಯಲಿಕ್ಕೆ, ಯಾರ ನಿಯಂತ್ರಣವೂ ಇಲ್ಲದ ನಡುಗಡಲಿನ ಮೀನುಗಾರಿಕೆಗೆ ಸಹಾಯಧನ ಕೊಡಬಾರದು ಅಂತ ಅದರಲ್ಲಿ ಉಂಟು. ಇದಕ್ಕೆ ನಮ್ಮದೇನೂ ತಕರಾರಿಲ್ಲ. ಭಯ ಇರುವುದು ಎರಡನೇ ಭಾಗದ್ದು. ದೋಣಿಗಳ ಸಾಮರ್ಥ್ಯ ಹೆಚ್ಚಿಸುವ ಸಹಾಯಧನವನ್ನೂ ನಿಲ್ಲಿಸಬೇಕು ಅನ್ನುವ ಮಾತುಕತೆ ಅದು, ಇನ್ನೂ ಮುಗಿದಿಲ್ಲ. ಅಂದರೆ ನಮ್ಮ ಯಾಂತ್ರಿಕ ದೋಣಿಯ ಕರರಹಿತ ಡೀಸೆಲ್, ನಾಡದೋಣಿಯ ಸೀಮೆಎಣ್ಣೆ. ಭಾರತ 25 ವರ್ಷದ ಕಾಲಾವಕಾಶ ಕೇಳಿದೆ. ದೂರದ ಸಮುದ್ರಕ್ಕೆ ಕಾರ್ಖಾನೆಯಂಥ ಹಡಗು ಕಳಿಸುವ ದೇಶಗಳು ಮೊದಲು ನಿಲ್ಲಿಸಲಿ ಅಂತ ವಾದ. ಆ ವಾದ ಸರಿ. ಕಡಲನ್ನು ಬರಿದು ಮಾಡಿದವರು ಮೊದಲು ಲೆಕ್ಕ ಕೊಡಬೇಕು.

ಆದರೆ ನಮ್ಮ ಕರಾವಳಿಯೊಳಗಿನ ಮಾತನ್ನೂ ಹೇಳ್ತೇನೆ. ಬೂತಾಯಿ ಸಿಗದೆ ಕೈಕಟ್ಟಿ ಕೂತ ವರ್ಷಗಳನ್ನು ನಾವು ನೋಡಿದ್ದೇವೆ. ಬೆಳಕು ಹಾಕಿ ಹಿಡಿಯುವುದು, ಬುಲ್ ಟ್ರಾಲಿಂಗ್ (ಎರಡು ದೋಣಿ ಸೇರಿ ಒಂದೇ ಬಲೆ ಎಳೆಯುವುದು) ಎರಡನ್ನೂ ಕೇಂದ್ರ 2017ರಲ್ಲೇ ನಿಷೇಧಿಸಿತು, ಜಗಳ ಇವತ್ತಿಗೂ ಉಂಟು. ಎಣ್ಣೆಯ ಸಹಾಯಧನ ದೊಡ್ಡ ದೋಣಿಗೆ ಹೆಚ್ಚು ಹೋಗ್ತದೆ, ನಾಡದೋಣಿಯವನಿಗೆ ಹನಿ ಸಿಗ್ತದೆ. ಹೊರಗಿನವರು ಹೇಳಿದರು ಅಂತ ಅಲ್ಲ, ನಮ್ಮ ಮಕ್ಕಳಿಗೆ ಮೀನು ಉಳಿಯಬೇಕು ಅಂತ ಈ ಸಹಾಯಧನವನ್ನು ಮರುಹಂಚಿಕೆ ಮಾಡಬೇಕು. ಅದನ್ನು ನಾವೇ ಮಾಡಿಕೊಂಡರೆ ಜಿನೀವಾದಲ್ಲಿ ತಲೆಯೆತ್ತಿ ಮಾತಾಡಲಿಕ್ಕೂ ಆಗ್ತದೆ.

ಹಂಪನಕಟ್ಟೆ

ಒಮ್ಮತ ಅನ್ನುವ ಪದ್ಧತಿಯೇ ಈ ಸಂಸ್ಥೆಯನ್ನು ಕೊಲ್ಲುತ್ತಿದೆ ಅಂತ ನನ್ನ ವಾದ. 166 ಸದಸ್ಯರು, ಒಬ್ಬರು ಬೇಡ ಅಂದರೆ ಕೆಲಸ ನಿಂತಿತು. ಮರಾಕೆಶ್ ಒಪ್ಪಂದದ 9ನೇ ವಿಧಿಯಲ್ಲಿ ಮತದಾನಕ್ಕೆ ಅವಕಾಶ ಇದೆ, ಒಂದು ದೇಶಕ್ಕೆ ಒಂದು ಮತ. ಯಾರೂ ಬಳಸುವುದಿಲ್ಲ. ನಾವೂ ಈ ಪದ್ಧತಿಯನ್ನು ಅತಿಯಾಗಿ ಬಳಸಿದ್ದೇವೆ. 2024ರ ಅಬುಧಾಬಿ ಸಭೆಯಲ್ಲಿ 120ಕ್ಕೂ ಹೆಚ್ಚು ದೇಶಗಳು, ಬಹುಪಾಲು ಬಡ ದೇಶಗಳೇ, ಹೂಡಿಕೆ ಸುಗಮಗೊಳಿಸುವ ಒಪ್ಪಂದ ಬೇಕು ಅಂದವು. ಭಾರತ, ದಕ್ಷಿಣ ಆಫ್ರಿಕಾ ಅಡ್ಡ ನಿಂತವು. ನಮಗೆ ಬೇಡವಾದರೆ ನಾವು ಸೇರದಿದ್ದರಾಯಿತು, ಬೇಕೆಂದವರನ್ನು ಯಾಕೆ ತಡೆಯಬೇಕು?

ಕಬ್ಬನ್ ಪಾರ್ಕ್ 93

ಹಂಪನಕಟ್ಟೆಯವರೇ, ಒಮ್ಮತ ಬಿಟ್ಟರೆ ಏನು ಉಳಿಯುತ್ತದೆ ಅಂತ ನೋಡಬೇಕಾದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯನ್ನು ನೋಡಿ. ಅಲ್ಲಿ ಮತಕ್ಕೆ ಹಣದ ತೂಕ. ಅಮೆರಿಕದ ಮತ ಸುಮಾರು ಶೇ 16.5, ಭಾರತದ್ದು ಸುಮಾರು 2.6. ದೊಡ್ಡ ತೀರ್ಮಾನಗಳಿಗೆ ಶೇ 85 ಮತ ಬೇಕು. ಅಂದರೆ ಅಮೆರಿಕ ಒಂದೇ ತಡೆಯಬಹುದು, ಆಫ್ರಿಕಾದ ಎಲ್ಲ ದೇಶಗಳೂ ಸೇರಿದರೂ ತಡೆಯಲಾಗದು. ಒಂದು ಮಾತು ಹೇಳಿ ಎಲ್ಲರನ್ನೂ ನಿಲ್ಲಿಸುವ ಶಕ್ತಿ ಬಡ ದೇಶಕ್ಕೂ ಇರುವುದು ಜಿನೀವಾದ ಈ ಕೊಠಡಿಯಲ್ಲಿ ಮಾತ್ರ.

2013ರ ಬಾಲಿ ಸಭೆಯನ್ನು ನೆನೆಸಿಕೊಳ್ಳಿ. ಪಡಿತರಕ್ಕಾಗಿ ಧಾನ್ಯ ಕೊಂಡು ದಾಸ್ತಾನು ಮಾಡುವ ಬೆಂಬಲ ಉತ್ಪಾದನೆಯ ಮೌಲ್ಯದ ಶೇ 10ರ ಮಿತಿ ದಾಟಿದರೂ ಯಾರೂ ವ್ಯಾಜ್ಯ ಹೂಡಬಾರದು ಎಂಬ ಶಾಂತಿ ಷರತ್ತು ಅಲ್ಲಿ ಬಂತು, ಆದರೆ ಅದರ ಅವಧಿಯ ಬಗ್ಗೆ ಗೊಂದಲವಿತ್ತು. 2014ರ ಜುಲೈನಲ್ಲಿ ಭಾರತ, ಇದು ಗಟ್ಟಿಯಾಗದ ಹೊರತು ವ್ಯಾಪಾರ ಸುಗಮ ಒಪ್ಪಂದಕ್ಕೆ ಒಪ್ಪುವುದಿಲ್ಲ ಎಂದು ನಿಂತಿತು. ಜಗತ್ತಿನ ಪತ್ರಿಕೆಗಳೆಲ್ಲ ಬೈದವು. ನವೆಂಬರ್‌ನಲ್ಲಿ ಶಾಶ್ವತ ಪರಿಹಾರ ಸಿಗುವ ತನಕ ಷರತ್ತು ಮುಂದುವರಿಯುತ್ತದೆ ಅಂತ ಬರೆದುಕೊಟ್ಟರು. 2018-19ರಲ್ಲಿ ಅಕ್ಕಿಗೆ ನಮ್ಮ ಬೆಂಬಲ ಮಿತಿ ದಾಟಿದಾಗ ನಾವು ಹಿಡಿದುಕೊಂಡದ್ದು ಅದೇ ಷರತ್ತನ್ನು. ಮತಕ್ಕೆ ಹಾಕಿದ್ದರೆ ಅದು ಸಿಗುತ್ತಿತ್ತೇ? ಬೇಕೆಂದವರು ಮಾಡಿಕೊಳ್ಳಲಿ ಎಂಬ ಚಿಕ್ಕ ಗುಂಪಿನ ಒಪ್ಪಂದಗಳು ಬೆಳೆದರೆ ಎಲ್ಲರೂ ತಮಗೆ ಬೇಕಾದ ಕೊಠಡಿಗೆ ಹೋಗುತ್ತಾರೆ, ಶಾಶ್ವತ ಪರಿಹಾರದ ಕೊಠಡಿಯಲ್ಲಿ ನಾವೊಬ್ಬರೇ ಕೂತಿರುತ್ತೇವೆ.

ಹಂಪನಕಟ್ಟೆ

ಪಡಿತರದ ವಿಷಯ ಒಪ್ಪುತ್ತೇನೆ, ಅಲ್ಲಿ ನಿಲ್ಲಬೇಕಿತ್ತು, ನಿಂತೆವು. ಆದರೆ ಒಮ್ಮತದ ಅದೇ ಅಸ್ತ್ರದಿಂದಲೇ ಅಮೆರಿಕ ಪೀಠದ ನೇಮಕ ತಡೆದಿರುವುದು. ನ್ಯಾಯಾಧೀಶರ ನೇಮಕಕ್ಕಾದರೂ ಮತದಾನ ಇರಲಿ, ನಿಯಮ ಬರೆಯುವುದಕ್ಕೆ ಒಮ್ಮತ ಇರಲಿ. ಈ ಎರಡನ್ನು ಬೇರ್ಪಡಿಸಲು ಏನು ತೊಂದರೆ?

ತೀರ್ಪಿನ ಓದುಗ (ಧಾರವಾಡ)

ಈ ಚರ್ಚೆಯಲ್ಲಿ ಇಲ್ಲಿಯ ತನಕ ಬಂದ ಸಲಹೆಗಳಲ್ಲಿ ನನಗೆ ಅತ್ಯಂತ ಉಪಯುಕ್ತ ಅನಿಸಿದ್ದು ಇದು. 9ನೇ ವಿಧಿಯ ಮತದಾನ ನೇಮಕಕ್ಕೆ ಅನ್ವಯಿಸುವುದಿಲ್ಲ, ವ್ಯಾಜ್ಯ ಪರಿಹಾರ ಮಂಡಳಿ ಒಮ್ಮತದಿಂದಲೇ ನಡೆಯಬೇಕೆಂದು ಪ್ರತ್ಯೇಕ ನಿಯಮವಿದೆ ಎಂದು ಕೆಲವು ಕಾನೂನು ತಜ್ಞರು ವಾದಿಸುತ್ತಾರೆ. ಆ ನಿಯಮ ಇದೆ, ಅದನ್ನೇ ತಿದ್ದಬೇಕು.

ಘಟಪ್ರಭಾ ಅವರ ಕಬ್ಬಿಗೆ ಈಗ ಬರುತ್ತೇನೆ, ಅದು ಉಳಿದಿದೆ. ರೊಕ್ಕ ಕೊಡುವುದು ಕಾರ್ಖಾನೆ, ಸರ್ಕಾರವಲ್ಲ ಎಂದಿರಿ. ಭಾರತದ ವಕೀಲರು ಪ್ಯಾನೆಲ್ ಮುಂದೆ ಹೇಳಿದ್ದೂ ಅದನ್ನೇ. ಸರ್ಕಾರ ಬೆಲೆ ನಿಗದಿ ಮಾಡಿದರೆ ಸಾಕು, ಹಣ ಯಾರದ್ದಾದರೂ ಅದು ಬೆಲೆ ಬೆಂಬಲವೇ ಎಂದು ಪ್ಯಾನೆಲ್ ಹೇಳಿತು. 2014-15ರಿಂದ 2018-19ರ ತನಕ ಐದೂ ಹಂಗಾಮುಗಳಲ್ಲಿ ಮಿತಿ ದಾಟಿದೆ ಎಂದಿತು. ಆ ಮಿತಿ ಒಟ್ಟು ಉತ್ಪಾದನೆಯ ಮೌಲ್ಯದ ಶೇ 10.

ಅನ್ಯಾಯ ಇರುವುದು ಲೆಕ್ಕದ ಬುಡದಲ್ಲಿ. ಇವತ್ತಿನ ಎಫ್‌ಆರ್‌ಪಿಯನ್ನು ಇವತ್ತಿನ ಅಂತರರಾಷ್ಟ್ರೀಯ ಬೆಲೆಗೆ ಹೋಲಿಸುವುದಿಲ್ಲ, 1986-88ರ ಸರಾಸರಿ ಬೆಲೆಗೆ ಹೋಲಿಸುತ್ತಾರೆ. ಆಗಿನ ಡೀಸೆಲ್, ಗೊಬ್ಬರ, ಕೂಲಿ ಎಷ್ಟಿತ್ತು ಎಂದು ಯೋಚಿಸಿ. ನಡುವಿನ ಸುಮಾರು ನಾಲ್ಕು ದಶಕದ ಬೆಲೆಯೇರಿಕೆಯಷ್ಟೂ ರೈತನಿಗೆ ಕೊಟ್ಟ ಸಬ್ಸಿಡಿ ಎಂದು ಎಣಿಕೆಯಾಗುತ್ತದೆ. ಕೃಷಿ ಒಪ್ಪಂದದ 18.4ನೇ ವಿಧಿ ಅತಿಯಾದ ಹಣದುಬ್ಬರವನ್ನು ಗಮನಿಸಬೇಕು ಎನ್ನುತ್ತದೆ, ಆ ಬಾಗಿಲನ್ನು ಯಾರೂ ತೆರೆದಿಲ್ಲ. ಇನ್ನೊಂದು ಕಡೆ, 1995ರಲ್ಲಿ ಹೆಚ್ಚು ಸಬ್ಸಿಡಿ ಕೊಡುತ್ತಿದ್ದ ದೇಶಗಳಿಗೆ ಅದನ್ನು ಒಂದು ಮಟ್ಟದವರೆಗೆ ಉಳಿಸಿಕೊಳ್ಳುವ ವಿಶೇಷ ಹಕ್ಕು ಸಿಕ್ಕಿತು: ಅಮೆರಿಕಕ್ಕೆ ವರ್ಷಕ್ಕೆ 1,910 ಕೋಟಿ ಡಾಲರ್, ಯುರೋಪಿನ ಒಕ್ಕೂಟಕ್ಕೆ ಅದಕ್ಕಿಂತಲೂ ಎಷ್ಟೋ ಹೆಚ್ಚು. ಭಾರತಕ್ಕೆ ಆ ಹಕ್ಕು ಇಲ್ಲ, ಶೇ 10 ಮಾತ್ರ. ಆಗ ಕೊಡುವ ಶಕ್ತಿ ಇಲ್ಲದ ಬಡತನಕ್ಕೆ ಈಗ ದಂಡ.

ಈ ಲೆಕ್ಕ ಬದಲಾಗಬೇಕೆಂದು ಕೇಳುವ ಹಕ್ಕು ನಮಗಿದೆ. ಆದರೆ ಕಬ್ಬಿನ ಬೆಂಬಲದ ವಿವರವನ್ನು ಭಾರತ 1995-96ರ ನಂತರ ಸಂಸ್ಥೆಗೆ ಕೊಟ್ಟೇ ಇರಲಿಲ್ಲ ಎಂದೂ ಅದೇ ತೀರ್ಪು ಹೇಳಿದೆ. ಲೆಕ್ಕ ಒಪ್ಪಿಸದೆ ಲೆಕ್ಕದ ಸೂತ್ರ ತಪ್ಪು ಎಂದರೆ ಕೇಳುವವರು ಕಡಿಮೆ.

ಘಟಪ್ರಭಾ ದಂಡಿ

1986-88ರ ಮಾತು ನನಗ ಗೊತ್ತಿರಲಿಲ್ಲ. ನಮ್ಮ ಊರಾಗ ಯಾರಿಗೂ ಗೊತ್ತಿಲ್ಲ. ಇದನ್ನ ಸಂಘದ ಸಭೆಯೊಳಗ ಹೇಳ್ತೀನಿ. ಡಂಕೆಲ್ ಕಾಲದಾಗ ಹಿರಿಯರು ಹಳ್ಳಿಗೆ ಬಂದು ಹೇಳಿದ್ರಂತ, ಈಗ ಯಾಕ ಯಾರೂ ಬರವಲ್ರು?

ಆದ್ರ ನನ್ನ ನಿಲುವು ಅಲ್ಲೇ ಐತಿ. ಮೊದಲ ಸೂತ್ರ ಬದಲಾಗಲಿ, ಆಮ್ಯಾಲೆ ಕೋರ್ಟು. ಸೂತ್ರ ಹಾಂಗ ಇರೂ ತನಕ ಕೋರ್ಟಿಗೆ ಹೋಗೂದು ಅಂದ್ರ ಸೋಲಾಕ ಹೋದಂಗ. ಗೆಲ್ಲೂ ಗಾರ್ಮೆಂಟ್ಸಿನವರಿಗೆ ಕೋರ್ಟು ಬೇಕು, ಸೋಲೂ ಕಬ್ಬಿನವರಿಗೆ ಬ್ಯಾಡ. ಸರ್ಕಾರ ಇಬ್ಬರದ್ದೂ ಐತಿ. ಇನ್ನೊಂದು ಕೇಳ್ತೀನಿ, ಆ ಶಾಂತಿ ಷರತ್ತು ಅಂದ್ರಲ್ಲ, ಅದರಾಗ ಕಬ್ಬು ಬರೂದಿಲ್ಲೇನ್ರಿ?

ಪೀಣ್ಯ ಎರಡನೇ ಹಂತ

ಘಟಪ್ರಭಾ ಅವರೇ, ಸೂತ್ರ ಬದಲಾಗಬೇಕಾದರೆ ಎದುರಿನವರಿಗೆ ನಾವೂ ಏನಾದರೂ ಕೊಡಬೇಕಲ್ಲವೇ. ಮುಂದಿನ ಮಾತುಕತೆಗಳಲ್ಲಿ ಅಭಿವೃದ್ಧಿಶೀಲ ದೇಶದ ವಿಶೇಷ ರಿಯಾಯಿತಿ ಹೊಸದಾಗಿ ಕೇಳುವುದಿಲ್ಲ ಅಂತ ದಕ್ಷಿಣ ಕೊರಿಯಾ 2019ರಲ್ಲಿ, ಚೀನಾ 2025ರ ಸೆಪ್ಟೆಂಬರ್‌ನಲ್ಲಿ ಹೇಳಿವೆ. ಕೃಷಿಯಲ್ಲಿ ಬಿಡುವುದು ಬೇಡ, ಬಟ್ಟೆ, ಔಷಧ, ಸಾಫ್ಟ್‌ವೇರ್‌ನಂಥ ನಾವು ಗಟ್ಟಿ ಇರುವ ಕಡೆ ಬಿಡಬಹುದು. ನಮ್ಮ ಉದ್ಯಮದಿಂದ ಆ ಭಾರ ಹೊರಲು ನಾನು ತಯಾರಿದ್ದೇನೆ, ಅದರಿಂದ ಕಬ್ಬಿನ ಸೂತ್ರ ಬದಲಾಗುವುದಾದರೆ.

ತೀರ್ಪಿನ ಓದುಗ (ಧಾರವಾಡ)

ಶಾಂತಿ ಷರತ್ತಿನಲ್ಲಿ ಕಬ್ಬು ಬರುವುದಿಲ್ಲ. ಅದು ಬಾಲಿ ತೀರ್ಮಾನದ ದಿನ, ಅಂದರೆ 2013ರ ಡಿಸೆಂಬರ್ 7ರಂದು, ಜಾರಿಯಲ್ಲಿದ್ದ ಸಾರ್ವಜನಿಕ ದಾಸ್ತಾನು ಯೋಜನೆಗಳಿಗೆ ಮಾತ್ರ. ಅದೂ ಜನರ ಸಾಂಪ್ರದಾಯಿಕ ಮುಖ್ಯ ಆಹಾರ ಬೆಳೆಗಳಿಗೆ. ಅಕ್ಕಿ, ಗೋಧಿ ಸೇರುತ್ತವೆ. ಕಬ್ಬನ್ನು ಸರ್ಕಾರ ಕೊಂಡು ದಾಸ್ತಾನು ಮಾಡುವುದಿಲ್ಲ, ಆದ್ದರಿಂದ ಸೇರಿಸಲು ಎಡೆಯಿಲ್ಲ. ಸೂತ್ರ ತಿದ್ದುವುದೊಂದೇ ಕಬ್ಬಿಗೆ ಇರುವ ದಾರಿ. ಸಭೆ ಯಾವತ್ತು ಅಂತ ತಿಳಿಸಿ, ತೀರ್ಪಿನ ಆ ಭಾಗವನ್ನು ಕನ್ನಡದಲ್ಲಿ ಬರೆದು ಕಳಿಸುತ್ತೇನೆ.